ಜಪಾನಿ ಕಾರ್ಟೂನ್ ಪ್ರಶಸ್ತಿಯೂ, ಟಿವಿ ಮ್ಯಾಲಿನ ನನ್ನ ಹೆಣವೂ

ನಂಬಬ್ಯಾಡ್ರಿ. ನಂಬಿ ಅಂತ ನಾ ಯಾರ ಕಾಲೂ ಹಿಡಿಯೂದಿಲ್ಲ. ನನ್ನ ಮೊಮ್ಮಗಳು ಹೇಳ್ತಾಳ, ಜಪಾನಿ ಕಾರ್ಟೂನಿಗೆ ಈಗ ವರ್ಷಾ ವರ್ಷಾ ಪ್ರಶಸ್ತಿ ಕೊಡ್ತಾರಂತ, ಜಗತ್ತಿನ ಮಂದಿ ಎಲ್ಲಾ ವೋಟ್ ಹಾಕ್ತಾರಂತ. ನಾ ನಕ್ಕೆ. ಯಾಕಂದ್ರ ಅಂಥಾ ಪ್ರಶಸ್ತಿ ಶುರು ಮಾಡಿದಾಂವ ನಾನ! ಕುವೈತಿನ ಸಲ್ವಾದಾಗ, ೧೯೯೦ರಾಗ. ವಾರ್ಷಿಕ ಪ್ರಶಸ್ತಿ. ಎರಡನೇ ವರ್ಷದ್ದು ಇನ್ನೂ ಆಗಿಲ್ಲ, ಅಷ್ಟ!

ಆ ಆಗಸ್ಟದಾಗ ಪಕ್ಕದ ದೇಶದ ಸೈನ್ಯ ಬಂದು ಊರೊಳಗ ಕುಂತಿತ್ತು. ಕೆಲಸ ಬಂದ್, ಸಾಲಿ ಬಂದ್, ಫೋನ್ ಬಂದ್. ವಿಮಾನ ಹತ್ತಿ ಊರಿಗೆ ಮರಳಾಕ ಅಮ್ಮಾನಿಗೆ ಹೋಗೂ ಬಸ್ಸಿನಾಗ ನಮ್ಮ ಪಾಳಿ ಯಾವಾಗ ಬರ್ತೈತಿ ಅಂತ ಎಲ್ಲಾರೂ ಕಾಯ್ಕೋತ ಇದ್ವಿ. ನಾ ಗದಗ ಕಡೆಯಾಂವ, ಏಸಿ ಮೆಕ್ಯಾನಿಕ್. ಹೆಂಡ್ತಿ ಶಾಂತವ್ವ. ಎದುರಿನ ಫ್ಲಾಟಿನಾಗ ಉಡುಪಿ ಕಡೆಯ ಶೆಟ್ರು, ಹೋಟೆಲಿನ ಮ್ಯಾನೇಜರ್. ಅವರ ಮಗಳು ನಿಶಾ ಮತ್ತ ಬಿಲ್ಡಿಂಗಿನ ಉಳಿದ ಹುಡುಗ್ರು ಮುಂಜಾನಿಂದ ಸಂಜಿತನಕ ನಮ್ಮ ಮನ್ಯಾಗ. ಯಾಕಂದ್ರ ನಮ್ಮಲ್ಲಿ ಕಟ್ಟಿಗಿ ಡಬ್ಬಿಯ ದೊಡ್ಡ ಟಿವಿ, ವಿಸಿಆರ್, ಕ್ಯಾಸೆಟ್ಟಿನ ತುಂಬ ಜಪಾನಿ ಕಾರ್ಟೂನ್. ಗೊಂಬಿ ಜಪಾನದ್ದು, ಮಾತು ಅರಬ್ಬಿ, ನೋಡಾವ್ರು ನಮ್ಮ ಹುಡುಗ್ರು!

ಸೈನಿಕರು ಮನಿ ಮನಿ ಹೊಕ್ಕು ಟಿವಿ ಎತ್ತಿಕೊಂಡು ಹೋಗ್ತಿದ್ರು. ಹುಡುಗ್ರನ್ನ ಹೊರಗ ಬಿಡೂಹಂಗಿರಲಿಲ್ಲ. ಆ ಟಿವಿ ಹೋದ್ರ ಅವರಿಗೆ ಉಳಿಯೂದು ಬರೇ ಗುಂಡಿನ ಸಪ್ಪಳ. ಅದಕ್ಕ ವಾಲ್ಯೂಮ್ ಪೂರಾ ಇಳಿಸಿ ನೋಡ್ತಿದ್ವಿ. ಆದ್ರ ಟಿವಿ ಸುಮ್ಮನಿದ್ರೂ ಹುಡುಗ್ರು ಸುಮ್ಮನಿರಬೇಕಲ್ಲ! ಅರ್ಧಾ ಮಂದಿಗೆ ರೋಬೋಟಿನ ಕಾರ್ಟೂನ್ ಬೇಕು, ಅರ್ಧಾ ಮಂದಿಗೆ ಟಪಾಲು ಹಂಚೂ ನರಿದು ಬೇಕು. ದಿನಾ ಜಗಳ.

"ಇವರ ಬಾಯಿ ಮುಚ್ಚಸ್ರಿ. ಸಪ್ಪಳಾ ಕೇಳಿ ಅವರು ಮ್ಯಾಲೆ ಬಂದಾರು" ಅಂದ್ಳು ಶಾಂತವ್ವ.

ನನಗ ಒಂದು ಐಡಿಯಾ ಬಂತು. ನನಗ ಐಡಿಯಾ ಬಂತು ಅಂದ್ರ ಆಕಿಗೆ ತಲಿನೋವು ಬರ್ತೈತಿ, ಅದು ಬ್ಯಾರೆ ಮಾತು.

"ಸನ್ಮಾನ್ಯ ಪ್ರೇಕ್ಷಕರೇ! ಶುಕ್ರವಾರ ಅತ್ಯುತ್ತಮ ಜಪಾನಿ ಕಾರ್ಟೂನಿಗೆ ಪ್ರಶಸ್ತಿ ಪ್ರದಾನ. ಗದ್ದಲ ಮಾಡಿದವರ ವೋಟು ರದ್ದು!"

ಮನಿ ತಣ್ಣಗಾತು. ಶುಕ್ರವಾರದ ತನಕ ಸೂಜಿ ಬಿದ್ರೂ ಕೇಳೂಹಂಗ. ಅಲ್ಲಿಗೆ ಬಿಟ್ಟಿದ್ರ ನಾ ಶ್ಯಾಣ್ಯಾ ಅನಿಸಿಕೊಳ್ತಿದ್ದೆ. ಬಿಡ್ಲಿಲ್ಲ!

ಮೊದಲು ಶೆಟ್ರು ಕೆಟ್ರು. "ಮಾರಾಯ್ರೆ, ರೋಬೋಟಿಗೇ ಕೊಡ್ಬೇಕು. ಅದರ ಹೊಟ್ಟೆ ನೋಡಿ, ನಮ್ಮ ಹೋಟೆಲಿನ ಇಡ್ಲಿ ಪಾತ್ರೆಯ ಹಾಗೇ ಉಂಟು" ಅಂತ ಮನಿ ಮನಿಗೆ ಹೋಗಿ ಪ್ರಚಾರ ಮಾಡಿದ್ರು. ರೋಬೋಟ್ ಗೆದ್ದಬಿಡ್ತು.

"ಅಂಕಲ್, ದಟ್ ಈಸ್ ಚೀಟಿಂಗ್! ನರಿಗೆ ನೀವು ವೋಟೇ ಹಾಕ್ಲಿಲ್ಲ!" ಅಂತ ನಿಶಾ ಅತ್ಳು.

ಆಕಿನ್ನ ಸಮಾಧಾನ ಮಾಡಾಕ, ಸಮಾರಂಭ ಇಲ್ಲಿನ ನಮ್ಮ ಕನ್ನಡ ಸಂಘದ್ದರಂಗ ಭರ್ಜರಿ ಮಾಡ್ತೀನಿ ಅಂದೆ. ಶಾಲು, ಪೇಟಾ, ಹಾರ, ಹಣ್ಣಿನ ಬುಟ್ಟಿ, ಎಲ್ಲಾ! ಹಣ್ಣು ಎಲ್ಲೂ ಸಿಗಲಿಲ್ಲ, ಬುಟ್ಟಿಯೊಳಗ ಒಂದು ಟೊಮ್ಯಾಟೊ ಮತ್ತ ಖರ್ಜೂರ ಇಟ್ವಿ. ಹೂವಿಲ್ಲ, ಶೆಟ್ರ ದೇವರ ಮನಿಯ ಪ್ಲಾಸ್ಟಿಕ್ ಸೇವಂತಿಗಿ ಹಾರ ತಂದ್ವಿ.

"ರೋಬೋಟ್ ಬರೂದಿಲ್ಲಲ್ಲ, ಪ್ರಶಸ್ತಿ ತಗೊಳ್ಳಾಂವ ಯಾರು?" ಅಂತ ಶಾಂತವ್ವ ಕೇಳಿದ್ಳು.

"ಜಪಾನ್ ದೇಶದ ಪರವಾಗಿ ನಾನ!"

ರೋಬೋಟ್ ಇರೂದು ಟಿವಿಯೊಳಗ, ಅದಕ್ಕ ಸನ್ಮಾನ ಆಗಬೇಕಾದ್ದೂ ಟಿವಿ ಹತ್ರನ ಅಂತ ಹುಡುಗ್ರು ಹಟಾ ಹಿಡಿದ್ರು. ಟಿವಿನ ಗ್ವಾಡಿಗೆ ಆನಿಸಿ, ಬಾಜೂಕ ವಿಸಿಆರ್ ಇಟ್ಟು, ಎರಡಕ್ಕೂ ಜಮಖಾನಾ ಹೊದಿಸಿ, ನಾ ಟಿವಿ ಮ್ಯಾಲೆ ಏರಿ ಕುಂತೆ!

"ಇಳೀರಿ, ಒಡೀತೈತಿ!" ಅಂದ್ಳು ಶಾಂತವ್ವ.

"ಸಭಾ ಮರ್ಯಾದಿ!" ಅಂದೆ ನಾ.

ಹಣಿ ತುಂಬ ವಿಭೂತಿ, ತಲಿಗೆ ಪೇಟಾ, ಕೊಳ್ಳಾಗ ಹಾರ, ಹೆಗಲ ಮ್ಯಾಲೆ ಶಾಲು, ಮುಂದ ಊದಿನಕಡ್ಡಿ. ಶೆಟ್ರು ಎದ್ದು ನಿಂತು ರೋಬೋಟಿನ ಗುಣಗಾನ ಮುಗಸ್ಲೇ ಇಲ್ಲ. ನಾ ಗಂಭೀರಾಗಿ ಕುಂತಿದ್ದೆ. ಅಷ್ಟರಾಗ ಮೆಟ್ಟಿಲ ಮ್ಯಾಲೆ ಬೂಟಿನ ಸಪ್ಪಳ!

ಶೆಟ್ರ ಬಾಯಿ ತೆರೆದದ್ದು ತೆರೆದಂಗ ನಿಂತಿತು. ನಾ ಮಾತ್ರ ಧೈರ್ಯಗೆಡಲಿಲ್ಲ. ಟಿವಿ ಉಳಸಾಕ ಒಂದ ದಾರಿ. ಕಣ್ಣು ಮುಚ್ಚಿ, ಕತ್ತು ವಾರಿ ಮಾಡಿ, ಉಸಿರು ಬಿಗಿಹಿಡಿದು ಹೆಣ ಆದೆ! ಯಾಕಂದ್ರ ನಮ್ಮ ಮಂದಿಯೊಳಗ ಸತ್ತವರನ್ನ ಮಲಗಸೂದಿಲ್ಲ. ವಿಭೂತಿ ಹಚ್ಚಿ, ಹಾರಾ ಹಾಕಿ, ಗ್ವಾಡಿಗೆ ಆನಿಸಿ ಕೂಡ್ರಸ್ತಾರ. ಅದಕ್ಕ ಬೇಕಾದ ಸಾಮಾನು ಎಲ್ಲಾ ಮೈಮ್ಯಾಲೆ ತಯಾರ ಇತ್ತು.

ಬಾಗಲಾ ತೆರೀತು. ಶಾಂತವ್ವ ನನ್ನ ಮಾರಿ ನೋಡಿದ್ಳು, ಅಲುಗಾಡ್ಸಿದ್ಳು, ಒಮ್ಮೆಲೆ ದನಿ ತಗದ್ಳು.

"ಅಯ್ಯೋ, ನನ್ನ ಬಿಟ್ಟು ಹೋದಿರೇನ್ರೀ! ಇಳೀರಿ ಅಂದ್ರ ಇಳೀಲಿಲ್ಲಲ್ರೀ! ಸಿಲಿಂಡರ್ ತರ್ತೀನಂತ ಹೋಗಿ ಇಸ್ಪೀಟ್ ಆಡಕೋತ ಕುಂತ್ರಲ್ರೀ! ಜೀವನದಾಗ ಒಂದ ಮಾತರ ಕೇಳಿದ್ರೇನ್ರೀ!"

ನಿಶಾ ಓಡಿ ಬಂದು ನನ್ನ ಕಾಲು ಹಿಡಿದು ಅಳಾಕ ಹತ್ತಿದ್ಳು. ನರಿಗೆ ವೋಟ್ ಹಾಕಲಾರದಾಂವನ ಕಾಲು! ಉಳಿದ ಹುಡುಗ್ರೂ ಅತ್ರು. ಸೈನಿಕರ ಜೋಡಿ ಬಂದು ಬಾಗಲಾಗ ನಿಂತಿದ್ದ ಆಫೀಸರ್ ಟೊಪ್ಪಿಗಿ ತಗದು ಎದಿಗೆ ಹಿಡಕೊಂಡ. ಶೆಟ್ರನ್ನ ನೋಡಿ ಮೆಲ್ಲಕ ಕೇಳಿದ. "ಖಲಾಸ್?"

"ಖಲಾಸ್" ಅಂದ್ರು ಶೆಟ್ರು.

ಒಬ್ಬ ಸೈನಿಕ ಜಮಖಾನಾದ ಅಂಚು ಎತ್ತಾಕ ಹೋದ. ಆಫೀಸರ್ ಅವನ ಕೈಮ್ಯಾಲೆ ಫಟ್ ಅಂತ ಹೊಡೆದ. ಸತ್ತಾಂವನ ಆಸನ ಅಲ್ಲೇನು! ಆಮ್ಯಾಲೆ ಎರಡೂ ಕೈ ಎತ್ತಿ ಏನೋ ಪ್ರಾರ್ಥನಾ ಮಾಡಿ, ಹುಡುಗ್ರಿಗೆ ಅಂತ ಒಂದು ಕಟ್ಟು ಖುಬೂಸ್ ರೊಟ್ಟಿ ಇಟ್ಟು, ಬಂದಂಗ ಇಳಿದು ಹೋದ. ಅವಗೂ ಊರಾಗ ಹುಡುಗ್ರು ಇದ್ದಾವೋ ಏನೋ. ಆ ಮಾರಿ ಮಾತ್ರ ಯಾರೂ ಮರೀಲಿಲ್ಲ.

ಸಪ್ಪಳಾ ನಿಂತಮ್ಯಾಲೆ ನಾ ಕಣ್ಣು ತಗದೆ. ಶಾಂತವ್ವ ನನ್ನ ಕಪಾಳಕ್ಕ ಒಂದು ಬಿಟ್ಳು. ಪೇಟಾ ಹೋಗಿ ಟೊಮ್ಯಾಟೊ ಮ್ಯಾಲೆ ಬಿತ್ತು!

ಟಿವಿ ಉಳೀತು. ಆದ್ರ ಸತ್ತಾಂವ ಓಣ್ಯಾಗ ತಿರಗ್ಯಾಡೂಹಂಗಿಲ್ಲಲ್ಲ! ಬಸ್ ಬರೂತನಕ ನಾ ಹೊರಗ ಕಾಲಿಡಲಿಲ್ಲ. ರೊಟ್ಟಿ ಪಾಳಿಗೆ ಶಾಂತವ್ವನ ಹೋದ್ಳು. ಕುಂಕುಮ ಮಾತ್ರ ಅಳಸ್ಲಿಲ್ಲ. ಯಾರರ ಕೇಳಿದ್ರ ಸೆರಗು ಮುಂದ ಎಳಕೊಂತಿದ್ಳಂತ.

ಇನ್ನು ಪ್ರಶಸ್ತಿ. ಹುಡುಗ್ರು ಮತ್ತೊಮ್ಮೆ ಸಭಾ ಸೇರಿಸಿ ತೀರ್ಪು ಬದಲು ಮಾಡಿದ್ರು. ರೋಬೋಟಿಗೂ ಇಲ್ಲ, ನರಿಗೂ ಇಲ್ಲ. ನನಗಂತೂ ಕೇಳಬ್ಯಾಡ್ರಿ! "ಬೆಸ್ಟ್ ವಾಯ್ಸ್, ಶಾಂತಾ ಆಂಟಿ" ಅಂತ ನಿಶಾ ಸಾರಿದ್ಳು. ನನ್ನ ಹೆಗಲ ಮ್ಯಾಲಿನ ಶಾಲು ತಗದು ಆಕಿಗೆ ಹೊದಿಸಿದ್ರು. ಶಾಂತವ್ವ ಶಾಲಿನ ತುದಿಯಿಂದ ಕಣ್ಣು ಒರಸಿಕೊಂಡ್ಳು, ಅಷ್ಟ.

ಇಷ್ಟು ಹೇಳಿದ್ರಾಗ ಒಂದ ಸುಳ್ಳು ಐತಿ. ಟಿವಿ ಖರೆ, ಹಾರ ಖರೆ, ಆಫೀಸರ್ ಟೊಪ್ಪಿಗಿ ತಗದದ್ದೂ ಖರೆ. ಉಸಿರು ಬಿಗಿಹಿಡಿದು ಹೆಣ ಆದೆ ಅಂದ್ನಲ್ಲ, ಅದು ಸುಳ್ಳು. ಬೂಟಿನ ಸಪ್ಪಳಕ್ಕ ನಾ ಕೂತಲ್ಲೇ ಎಚ್ಚರ ತಪ್ಪಿದ್ದೆ. ಮುಂದಿಂದೆಲ್ಲಾ ಮಂದಿ ಹೇಳಿದ್ದು. ನಾ ಖರೇನ ಹೋದೆ ಅಂತ ಶಾಂತವ್ವ ಅತ್ತಿದ್ದು.

ಅಂದಮ್ಯಾಲೆ ಆಕಿ ಅವತ್ತು ನನ್ನ ಬಗ್ಗೆ ಹಾಡಿಕೊಂಡು ಹೇಳಿದ್ದೆಲ್ಲಾ, ಮನಸ್ಸಿನಿಂದ ಹೇಳಿದ್ದ!