ಆಕಳಿಸಿದ ನಾಯಿ, ಇಳಿಸಿದ ಮುಂಡು

ನಾಯಿ ದಾಳಿಯಿಂದ ಸಾಯುವವರು ಬಹಳ ಕಡಿಮೆ. ಈ ಸತ್ಯವನ್ನು ಹೆಂಡತಿ ಶಾರದೆಗೆ ಮನದಟ್ಟು ಮಾಡಿಸಲು ನಾನು ಹೊರಟದ್ದು ಒಂದು ಭಾನುವಾರ. ಶನಿವಾರ ಎನ್ನುತ್ತಾಳೆ ಅವಳು. ಇರಲಿ, ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ.

ನಾವು ಕಾಸರಗೋಡಿನವರು. ಸರಕಾರದ ಕಾನೂನು ಕಡತಗಳ ಬೆನ್ನು ಹಿಡಿದು ಕೊಚ್ಚಿಯಲ್ಲಿ ಕೆಲವು ವರ್ಷ ಇದ್ದು, ಆಗಷ್ಟೇ ತಿರುವನಂತಪುರದ ಶ್ರೀಕಾರ್ಯಂಗೆ ಬಂದಿದ್ದೆವು. ಹನ್ನೊಂದು ವರ್ಷದ ಮಗಳು ಅನುವಿಗೆ ಎರಡು ಓಣಿ ಆಚೆಗಿನ ಚಿತ್ರದ ಕ್ಲಾಸಿಗೆ ಒಬ್ಬಳೇ ನಡೆದು ಹೋಗುವ ಆಸೆ. ನಾಯಿಗಳು ಯಾರನ್ನೋ ಕೊಂದ ಸುದ್ದಿ ಪತ್ರಿಕೆಯಲ್ಲಿ ಓದಿದ್ದ ಶಾರದೆ ಬೇಡವೆಂದಳು.

"ಕೊಚ್ಚಿಯಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡಿಗೆ ತುಂಬಿದ ಬೋಟಿನಲ್ಲಿ ಮಗುವನ್ನು ಕರ್ಕೊಂಡು ಹೋಗ್ತಿದ್ದಿ. ಆಗ ಇಲ್ಲದ ಹೆದರಿಕೆ ಈಗ ಎಂತದ್ದು?" ಎಂದೆ.

"ಬೋಟು ಬೊಗಳುವುದಿಲ್ಲ ಮಾರಾಯ್ರೆ."

ನಾನು ಬಿಡಲಿಲ್ಲ. ಕಚ್ಚುವುದು ಬೇರೆ, ಕೊಲ್ಲುವುದು ಬೇರೆ. ಕಚ್ಚಿದರೆ ಸೋಪು ಹಚ್ಚಿ ನಲ್ಲಿಯಡಿ ಚೆನ್ನಾಗಿ ತೊಳೆದು, ತಡಮಾಡದೆ ಇಂಜೆಕ್ಷನ್ ತೆಗೆದುಕೊಳ್ಳಬೇಕು. ಅದಕ್ಕಿಂತ ಮೊದಲು, ನಾಯಿ ಎದುರಾದರೆ ಓಡಬಾರದು, ಸುಮ್ಮನೆ ನಿಲ್ಲಬೇಕು.

"ಇವತ್ತು ಅವಳ ಜೊತೆ ನೀವೇ ನಡೆದು ತೋರಿಸಿ," ಎಂದಳು. "ಸರಿಯಾದ್ರೆ ಬರುವ ವಾರದಿಂದ ಒಬ್ಳೇ ಹೋಗ್ಲಿ."

ಇಲ್ಲಿನವರಂತೆ ಮುಂಡನ್ನು, ಅಂದರೆ ಪಂಚೆಯನ್ನು, ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿ ಹೊರಟೆ. ತಿರುವಿನಲ್ಲಿ ನಾಯಿ. ನನ್ನ ನೆನಪಿನಲ್ಲಿ ಅದು ಕರುವಿನಷ್ಟಿತ್ತು, ಹಲ್ಲು ಕಿರಿಯಿತು. ಅನುವಿನ ಪ್ರಕಾರ ಆಕಳಿಸಿತು.

ನಾನು ಓಡಿದೆ.

"ಅಚ್ಛಾ, ಓಡಲ್ಲೇ!" ಅಪ್ಪಾ, ಓಡಬೇಡಿ ಎಂದು ಅನು ನಿಂತಲ್ಲೇ ನನ್ನ ಪಾಠವನ್ನು ಮಲಯಾಳದಲ್ಲಿ ನನಗೇ ಒಪ್ಪಿಸಿದಳು.

ಅಷ್ಟರಲ್ಲಿ ಎದುರಿಗೆ ನೆರೆಮನೆಯ ನಿವೃತ್ತ ಹೆಡ್‌ಮಾಸ್ಟರ್ ಪಿಳ್ಳೆ ಸಾರ್ ಬಂದರು. ಹಿರಿಯರ ಮುಂದೆ ಮಡಚಿದ ಮುಂಡನ್ನು ಇಳಿಸುವುದು ಇಲ್ಲಿನ ಮರ್ಯಾದೆ. ಹೊರಗಿನಿಂದ ಬಂದ ನಾನು ಇದನ್ನು ಊರಿನವರಿಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದೆ. ಪ್ರಾಣ ಹೋದರೂ ಮರ್ಯಾದೆ ಬಿಡಬಾರದೆಂದು ಓಡುತ್ತಲೇ ಇಳಿಸಿದೆ. ಇಳಿಸಿದ ಮುಂಡಿನಲ್ಲಿ ಓಡಲಾಗುವುದಿಲ್ಲ. ಈ ಅಂಶ ನನ್ನ ಉಪನ್ಯಾಸದಲ್ಲಿರಲಿಲ್ಲ.

ಚರಂಡಿಗೆ ಬಿದ್ದೆ. ಬಲ ಮಣಿಕಟ್ಟು ಮುರಿಯಿತು. ನಾಯಿ ಬಂದು ನನ್ನ ಚಪ್ಪಲಿ ಮೂಸಿತು. ಅದು ಎದ್ದೇ ಇರಲಿಲ್ಲವೆಂದು ಅನು ಹೇಳುತ್ತಾಳೆ.

"ಪಟ್ಟಿ ಕಡಿಚ್ಚೋ?" ನಾಯಿ ಕಚ್ಚಿತೇ ಎಂದು ಪಿಳ್ಳೆ ಸಾರ್ ಗಾಬರಿಯಾದರು.

"ಇಲ್ಲ ಸಾರ್. ಮುಂಡು."

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ ಶಾರದೆ ಮಗಳಿಂದ ಪೂರ್ತಿ ವರದಿ ಕೇಳಿದಳು. ಆಮೇಲೆ ತೀರ್ಪು ಕೊಟ್ಟಳು.

"ನೀವು ಹೇಳಿದ್ದು ಸರಿ ಉಂಟು. ಇವಳು ಅಲ್ಲಾಡದೆ ನಿಂತಳಂತೆ. ಒಬ್ಳೇ ಹೋಗ್ಲಿ."

ಗೆದ್ದೆ. ಎಡಗೈಯಲ್ಲಿ ಚಹಾ ಎತ್ತಿಕೊಂಡೆ.

"ಆದ್ರೆ ನೀವು ಇವಳಿಲ್ಲದೆ ಹೊರಗೆ ಹೋಗ್ಬೇಡಿ," ಎಂದಳು ಶಾರದೆ. "ದಾರಿಯಲ್ಲಿ ಯಾರಾದ್ರೂ ಹಿರಿಯರು ಸಿಕ್ಕಿಬಿಟ್ಟರೆ ಕಷ್ಟ."