ಹುಲಿ ಇಲ್ಲದ ಊರಿನ ಹುಲಿಗಳು

ಮೊದಲು ನಾನು ಹುಲಿ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದೆ. ಅಲ್ಲಿ ತಿಂಗಳುಗಟ್ಟಲೆ ತಿರುಗಿದರೂ ಹುಲಿ ಕಾಣುತ್ತಿರಲಿಲ್ಲ. ಈಗ ಬೆಂಗಳೂರು ಗ್ರಾಮಾಂತರಕ್ಕೆ ವರ್ಗವಾಗಿದೆ. ಇಲ್ಲಿ ಹುಲಿಯೇ ಇಲ್ಲ, ಆದರೆ ಹುಲಿ ಕಂಡವರಿಗೆ ಬರವಿಲ್ಲ.

ಬೂಟು ನೆಕ್ಕಿದ್ದು

ನಂದಗುಡಿ ಕಡೆಯಿಂದ ಫೋನು. "ಸಾರ್, ಟೊಮ್ಯಾಟೊ ತೋಟದಾಗೆ ಹುಲಿ ಮಲಗೈತೆ, ಬೇಗ ಬನ್ನಿ!"

ಬಲೆ ಹಿಡಿದುಕೊಂಡು ಓಡಿದೆವು. ಊರಿನವರೆಲ್ಲ ಮನೆ ಮಾಳಿಗೆ ಹತ್ತಿ ನಿಂತಿದ್ದರು. ನಮ್ಮನ್ನು ನೋಡಿ ಹುಲಿ ಎದ್ದು ಮೈಮುರಿಯಿತು, ಬಾಲ ಅಲ್ಲಾಡಿಸುತ್ತಾ ಬಂದು ನನ್ನ ಬೂಟು ನೆಕ್ಕಿತು. ಕೋತಿ ಕಾಟ ತಡೆಯಲಾರದೆ ತೋಟದ ಯಜಮಾನರು ತಮ್ಮ ಕಂದು ನಾಯಿಗೆ ತಲೆಗೆ ಹಚ್ಚುವ ಡೈನಲ್ಲಿ ಪಟ್ಟೆ ಬರೆದಿದ್ದರು.

"ಕೋತಿ ಹೆದರಿದ್ವಾ ಯಜಮಾನ್ರೆ?"

"ಎಲ್ಲಿ ಸಾಮಿ! ಅವಕ್ಕೆ ಮೊದಲ್ನೇ ದಿನವೇ ಗೊತ್ತಾಗೋಯ್ತು. ನಮ್ಮೂರೋರಿಗೇ ಇನ್ನೂ ಗೊತ್ತಾಗಿಲ್ಲ."

ನವಿಲಿನ ಜತೆಗೆ

ಬೂದಿಗೆರೆ ಹತ್ತಿರ ಕುರುಚಲು ಕಾಡು ಸವರಿ ಮಾಡಿದ ಹೊಸ ಬಡಾವಣೆ. ಅಲ್ಲೊಂದು ಮನೆಯ ಕಾಂಪೌಂಡಿನ ಮೇಲೆ ಚಿರತೆ ನಡೆದುಹೋದದ್ದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ಮನೆಯೊಡತಿ ರೇಗಿದರು. "ನಿಮ್ಮ ಪ್ರಾಣೀನ ನಿಮ್ಮ ಕಾಡಲ್ಲಿ ಇಟ್ಕೊಳ್ಳಿ ಸಾರ್!"

"ಮೊನ್ನೆ ಮೊನ್ನೆವರೆಗೂ ಇದೇ ಅದರ ಕಾಡಾಗಿತ್ತು ಮೇಡಂ."

ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ನವಿಲು ಬರುತ್ತೆ ಅಂತ ಹೇಳಿ ಸೈಟಿನ ರೇಟ್ ಏರಿಸಿದ್ರು. ನಮ್ದಿನ್ನೂ ಕೊನೇ ಕಂತು ಬಾಕಿ ಇದೆ. ದಯವಿಟ್ಟು ಬಿಲ್ಡರ್‌ಗೆ ಚಿರತೆ ವಿಷಯ ಹೇಳ್ಬೇಡಿ."

ತಾತನ ಬೇಟೆ

ಹುಲಿ ಉಗುರು ಇಟ್ಟುಕೊಳ್ಳುವುದು ಅಪರಾಧ. ಹಿಂದಿನ ಕಾಡಿನಲ್ಲಿ ಉರುಳಿಗೆ ಸಿಕ್ಕಿ ಸತ್ತ ಹುಲಿಯೊಂದನ್ನು ಕಂಡಿದ್ದೇನೆ. ಪಾದಗಳನ್ನೇ ಕತ್ತರಿಸಿಕೊಂಡು ಹೋಗಿದ್ದರು. ಹಾಗಾಗಿ ಈ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ.

ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿಯೊಬ್ಬರು ಚಿನ್ನ ಕಟ್ಟಿಸಿದ ಹುಲಿ ಉಗುರನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆಂದು ದೂರು ಬಂತು. ಮನೆಗೆ ಹೋದೆವು. ಮನುಷ್ಯ ಬೆವತುಹೋದರು. "ಡೂಪ್ಲಿಕೇಟು ಸಾರ್! ದೇವರಾಣೆ, ಸಂತೇಲಿ ತಗೊಂಡಿದ್ದು!"

ಒಳಗಿದ್ದ ಅವರ ಅತ್ತೆ ಹೊರಗೆ ಬಂದರು. "ಏನಂದ್ರಿ ಅಳಿಯಂದಿರೇ? ಹೆಣ್ಣು ನೋಡೋಕೆ ಬಂದಾಗ, 'ನಮ್ಮ ತಾತ ಬೇಟೆಯಾಡಿದ ಹುಲೀದು' ಅಂದಿದ್ರಲ್ಲ?"

"ಆವಾಗ ಸುಮ್ನೆ ಅಂದಿದ್ದೆ ಅತ್ತೆ!"

"ಇಲ್ಲ ಸಾರ್, ಅಸಲಿನೇ ಅದು. ನಾನು ನೆಂಟರಿಗೆಲ್ಲ ಹೇಳ್ಕೊಂಡಿದೀನಿ!"

"ಅತ್ತೆ, ಅಸಲಿ ಆದ್ರೆ ನಾನು ಜೈಲಿಗೆ ಹೋಗ್ಬೇಕು!"

ಉಗುರನ್ನು ಪರೀಕ್ಷೆಗೆ ಕಳಿಸಿದೆವು. ಫಲಿತಾಂಶ ಬರುವ ಹೊತ್ತಿಗೆ ವ್ಯಾಪಾರಿ ಅರ್ಧ ಆಗಿಹೋಗಿದ್ದರು. ಅದು ಎಮ್ಮೆ ಕೊಂಬು ಎಂದು ನಾನೇ ಹೋಗಿ ತಿಳಿಸಿದೆ. "ಬದುಕಿಸಿದ್ರಿ ಸಾರ್" ಎಂದು ನನ್ನ ಕೈ ಹಿಡಿದು ಅತ್ತೇಬಿಟ್ಟರು.

ಅತ್ತೆ ಬಾಗಿಲಿಗೆ ಬಂದು ನಿಂತರು.

"ಅಲ್ಲ ಸಾರ್, ಹಂಗಾದ್ರೆ ಇವರ ತಾತ ಬೇಟೆಯಾಡಿದ್ದು ಎಮ್ಮೇನಾ?"