ದೊಡ್ಡಪ್ಪನ ಕಳ್ಳಾಟವೂ ಪುಟ್ಟಿಯ ರಕ್ತಪರೀಕ್ಷೆಯೂ

ನಮ್ಮ ದೊಡ್ಡಪ್ಪ ಕಳ್ಳ. ಗಾಬರಿಯಾಗಬೇಡಿ; ಅಜ್ಜಂಪುರದಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ, ಅವರೂ ಮುಚ್ಚಿಟ್ಟವರಲ್ಲ. ಕಂಡಕ್ಟರ್ ಮರೆತರೂ ಕೂಗಿ ಕರೆದು ಟಿಕೆಟ್ ಪಡೆಯುವ ಈ ಮಹಾನುಭಾವರು, ಅಳಗುಳಿ ಮಣೆಯ ಮುಂದೆ ಕೂತೊಡನೆ ಮಾತ್ರ ಹಗಲುದರೋಡೆಗೆ ಇಳಿಯುತ್ತಾರೆ! ಗುಳಿಗುಳಿಗೂ ಹುಣಸೆಬೀಜ ಹಂಚುತ್ತಾ ಹೋಗುವಾಗ ಒಂದು ಬೀಜ ಅವರ ಕಿರುಬೆರಳ ಸಂದಿಯಲ್ಲಿ ಅಜ್ಞಾತವಾಸಕ್ಕೆ ಹೋಗುತ್ತದೆ. ಬೇಕಾದ ಗುಳಿ ಬಂದಾಗ ಪ್ರತ್ಯಕ್ಷವಾಗುತ್ತದೆ. ಕೇಳಿದರೆ, "ಆಟ ಅಂದ್ರೆ ಬುದ್ಧಿ ಕಣೋ. ನಿಯಮ ಇರೋದು ದಡ್ಡರಿಗೆ" ಎಂಬ ಧರ್ಮೋಪದೇಶ ಬೇರೆ.

ಈ ಭೂಲೋಕದಲ್ಲಿ ಅವರನ್ನು ಹಿಡಿಯಬಲ್ಲವಳು ಒಬ್ಬಳೇ. ಮೊಮ್ಮಗಳು ಪುಟ್ಟಿ, ಒಂಬತ್ತನೇ ಕ್ಲಾಸು. ಮಣೆಯ ಮೇಲಿನ ಬೀಜಗಳ ಲೆಕ್ಕವೆಲ್ಲ ಅವಳ ತಲೆಯಲ್ಲಿ. "ತಾತ, ಕಿರುಬೆರಳು!" ಎಂದು ಕತ್ತು ಎತ್ತದೆಯೇ ಹೇಳುವಳು. ದೊಡ್ಡಪ್ಪ ತೆಪ್ಪಗೆ ಬೀಜ ಒಪ್ಪಿಸಿ, ಸೋತು, ಬೀದಿಗೆ ಬಂದು ದೂರುವರು: "ಪೊಲೀಸರೇ ವಾಸಿ ಕಣ್ರೀ!"

ಹೀಗಿರುವಾಗ ಒಂದು ಅನಾಹುತ ನಡೆಯಿತು. ದೊಡ್ಡಪ್ಪ ಗೆದ್ದರು! ಮರುದಿನವೂ ಗೆದ್ದರು. ವಾರವಿಡೀ ಗೆದ್ದರು. ಅಭಿನಂದಿಸೋಣವೆಂದು ಹೋದರೆ ಮುಖದಲ್ಲಿ ಸೂತಕದ ಕಳೆ.

"ಲೇ, ಇವತ್ತು ಅಂಗೈ ಬಿಚ್ಕೊಂಡೇ ಕದ್ದೆ. ಮಗು ಹಿಡೀಲಿಲ್ಲ ಕಣೋ. ಅವಳ ಬೆರಳು ಮುಟ್ಟಿದ್ರೆ ಬಾವಿನೀರಿನ ಹಂಗೆ ತಣ್ಣಗಿದಾವೆ."

"ಎಲ್ಲಾ ಮೊಬೈಲಿನ ಮಹಿಮೆ" ಎಂದರು ಪುಟ್ಟಿಯ ತಾಯಿ, ನಮ್ಮ ಅತ್ತಿಗೆ. "ಪುಸ್ತಕ ಹಿಡಿದ್ರೆ ತೂಕಡಿಕೆ. ಲೆಕ್ಕದಲ್ಲಿ ಫೇಲು. ಹಸಿ ಅಕ್ಕಿ ಮುಕ್ಕೋದು ಬೇರೆ ಕಲ್ತಿದಾಳೆ. ಶುದ್ಧ ಸೋಮಾರಿ!"

ಪುಟ್ಟಿ ಮಣೆ ಮಡಿಸಿಟ್ಟು, "ಬಿಡು ತಾತ, ನಾನು ದಡ್ಡಿ" ಎಂದಳು.

ದೊಡ್ಡಪ್ಪ ಎದ್ದು ನಿಂತರು. "ನನ್ನನ್ನ ಹಿಡಿದಿರೋ ತಲೆ ಇದು. ಸುಮ್ಸುಮ್ನೆ ಕೆಡೋ ಮಾಲಲ್ಲ. ನಡಿ ತರೀಕೆರೆಗೆ!"

ತರೀಕೆರೆಯ ಡಾಕ್ಟರು "ಏನು ತೊಂದರೆ?" ಎಂದರು.

"ನಾನು ಕಳ್ಳ, ಡಾಕ್ಟ್ರೇ."

ಡಾಕ್ಟರು ಬಾಗಿಲ ಕಡೆ ನೋಡಿದರು.

ನಾನು ನಡುವೆ ಬಂದು ಕಥೆ ಹೇಳಿದ ಮೇಲೆ ಅವರು ಪುಟ್ಟಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತಪರೀಕ್ಷೆ ಮಾಡಿಸಿದರು. "ಮೈಯಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಬೆಳೆಯೋ ಹೆಣ್ಣುಮಕ್ಕಳಲ್ಲಿ ಇದು ತುಂಬಾ ಕಾಣ್ಸುತ್ತೆ. ಗಮನ, ನೆನಪು ಎರಡೂ ಮಂಕಾಗ್ತವೆ, ಸುಸ್ತಾಗುತ್ತೆ, ಕೈ ತಣ್ಣಗಾಗುತ್ತೆ, ಹಸಿ ಅಕ್ಕಿ ತಿನ್ನೋ ಚಪಲವೂ ಇದರದ್ದೇ. ಸೋಮಾರಿತನ ಅಲ್ಲ, ದಡ್ಡತನವೂ ಅಲ್ಲ."

"ಕೊನೇ ಮಾತು ಇನ್ನೊಂದ್ಸಲ, ಸ್ವಲ್ಪ ಜೋರಾಗಿ" ಎಂದರು ದೊಡ್ಡಪ್ಪ. ಹೊರಗೆ ಸಾಲಿನಲ್ಲಿ ಕೂತವರಿಗೂ ಅದು ಕೇಳಬೇಕಿತ್ತು!

ಮಾತ್ರೆ ಶುರುವಾಯಿತು. ಆದರೆ ನಮ್ಮ ಮನೆಯಲ್ಲಿ ಕಾಫಿಯಿಲ್ಲದೆ ಯಾವುದು ತಾನೇ ಗಂಟಲಿಳಿದೀತು? ಔಷಧಿ, ಅಳಿಯನ ಪ್ರಸ್ತಾಪ, ಸಾವಿನ ಸುದ್ದಿ, ಎಲ್ಲವೂ ಕಾಫಿಯ ಜೊತೆಗೇ. ಮಾತ್ರೆಯನ್ನೂ ದೊಡ್ಡಪ್ಪ ಗಟ್ಟಿ ಡಿಕಾಕ್ಷನ್ನಿನ ಕಾಫಿಯಲ್ಲೇ ನುಂಗಿಸಿದರು. ದಿನಗಳು ಉರುಳಿದವು; ದೊಡ್ಡಪ್ಪ ಗೆಲ್ಲುತ್ತಲೇ ಹೋದರು, ಕಂಗೆಡುತ್ತಲೇ ಹೋದರು. ಕೊನೆಗೆ ಊರಿನ ಆಸ್ಪತ್ರೆಯ ಸಿಸ್ಟರ್ ವಿಚಾರಿಸಿದಾಗ ಗುಟ್ಟು ರಟ್ಟಾಯಿತು.

"ಅಯ್ಯೋ ಯಜಮಾನ್ರೇ! ಕಾಫಿ ಜೊತೆ ಕೊಟ್ರೆ ಆ ಕಬ್ಬಿಣ ಮೈಗೆ ಸರಿಯಾಗಿ ಹತ್ತೋದೇ ಇಲ್ಲ. ನಿಂಬೆ ಪಾನಕದಲ್ಲಿ ಕೊಡಿ."

ದೊಡ್ಡಪ್ಪ ಸ್ತಂಭೀಭೂತರಾದರು. "ಅಂದ್ರೆ ಮನೇಲಿ ನನಗಿಂತ ದೊಡ್ಡ ಕಳ್ಳ ಇದ್ದಾನೆ ಅನ್ನಿ!"

ಅಂದೇ ಕಾಫಿ ಫಿಲ್ಟರಿಗೆ ಅಟ್ಟದ ಮೇಲೆ ಸೆರೆವಾಸ. "ಪುಟ್ಟಿ ನನ್ನನ್ನ ಹಿಡಿಯೋವರೆಗೂ ಈ ಮನೇಲಿ ಕಾಫಿ ಇಲ್ಲ!" ಇದು ಭೀಷ್ಮಪ್ರತಿಜ್ಞೆ. ಭೀಷ್ಮರಿಗೇನು, ಅವರಿಗೆ ಕಾಫಿಯ ಅಭ್ಯಾಸವಿರಲಿಲ್ಲ! ದೊಡ್ಡಪ್ಪ ಮಾತ್ರ ಸಂಜೆಯಾದರೆ ಮೂಲೆಯ ಹೋಟೆಲಿನ ಮುಂದೆ ನಿಂತು, ಬರೀ ವಾಸನೆ ಕುಡಿದು ಹಿಂದಿರುಗುತ್ತಿದ್ದರು. ಮನೆಯಲ್ಲಿ ನುಗ್ಗೆಸೊಪ್ಪು, ಹುರುಳಿಕಟ್ಟು, ಪಾನಕ, ಎದುರಿಗೆ ಮಣೆ. ನಿಷ್ಠೆಯಿಂದ ಕದಿಯುತ್ತಿದ್ದರು, ಆಸೆಯಿಂದ ಕಾಯುತ್ತಿದ್ದರು. ಸೊರಗಿದ್ದ ತಲೆ ಒಂದೆರಡು ವಾರದಲ್ಲಿ ಚಿಗುರುವುದುಂಟೇ? ತಿಂಗಳುಗಳೇ ಹಿಡಿದವು. ಮೊದಲು ಹಸಿ ಅಕ್ಕಿ ತಿನ್ನುವುದು ನಿಂತಿತು. ಆಮೇಲೆ ಪುಸ್ತಕದ ಮೇಲಿನ ತೂಕಡಿಕೆ.

ಒಂದು ಸಂಜೆ ನಾನೂ ಅಲ್ಲೇ ಇದ್ದೆ. ಬೀಜ ಹಂಚುತ್ತಿದ್ದ ದೊಡ್ಡಪ್ಪನ ಮಣಿಕಟ್ಟನ್ನು ಪುಟ್ಟಿ ಗಬಕ್ಕನೆ ಹಿಡಿದಳು.

"ತಾತ, ಕಿರುಬೆರಳು!"

ಬೀಜ ಟಪ್ಪನೆ ಬಿತ್ತು. ದೊಡ್ಡಪ್ಪ ಬೀದಿಗೇ ಓಡಿದರು. "ಸಿಕ್ಕಿಬಿದ್ದೆ ಕಣ್ರಪ್ಪೋ! ನನ್ನ ಮೊಮ್ಮಗಳು ಹಿಡಿದುಬಿಟ್ಲು!" ತನ್ನ ದಸ್ತಗಿರಿಯನ್ನು ತಾನೇ ಡಂಗುರ ಸಾರಿದ ಕಳ್ಳನನ್ನು ನೀವು ಕಂಡಿದ್ದೀರಾ? ಫಿಲ್ಟರ್ ಅಟ್ಟದಿಂದಿಳಿಯಿತು, ಬೀದಿಗೆಲ್ಲ ಕಾಫಿ ಹಂಚಿಕೆಯಾಯಿತು. ಪುಟ್ಟಿ ಪಾನಕದ ಲೋಟ ಹಿಡಿದು, ಪೊಲೀಸ್ ಅಧಿಕಾರಿಯ ಗತ್ತಿನಲ್ಲಿ ಜಗಲಿಯ ಮೇಲೆ ವಿರಾಜಮಾನಳಾಗಿದ್ದಳು. ಅತ್ತಿಗೆ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು.

ನೋಡಿದರೆ ದೊಡ್ಡಪ್ಪ ಕಂಬಕ್ಕೊರಗಿ ಕೂತಿದ್ದಾರೆ, ಕಾಫಿ ಮುಟ್ಟಿಲ್ಲ.

"ಆರ್ತಾ ಇದೆ, ದೊಡ್ಡಪ್ಪ."

"ಆರ್ಲಿ ಬಿಡೋ" ಎಂದರು. ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಭದ್ರವಾಗಿ ಮುಚ್ಚಿಕೊಂಡಿದ್ದರು, ಯಾರಾದರೂ ಕದ್ದಾರು ಎಂಬಂತೆ. "ಇಲ್ಲಿ ಹಿಡಿದ್ಲಲ್ಲ... ಮಗು ಕೈ ಬೆಚ್ಚಗಿತ್ತು ಕಣೋ."